ಮಾಗಿಯ ಬಿಸಿಲೂ ಮೈಯ ಚರ್ಮವೂ

ಮಾರ್ಗಶಿರ ಕಳೆದು ಪುಷ್ಯಮಾಸವು ಕಾಲಿಡುವ ಹೊತ್ತಿಗೆ ನಮ್ಮ ಬಯಲುಸೀಮೆಯ ಗಾಳಿಯು ತನ್ನ ತೇವವನ್ನೆಲ್ಲ ಕಳೆದುಕೊಂಡು ಒರಟಾಗಿ ಬೀಸತೊಡಗುತ್ತದೆ. ತುಟಿ ಬಿರಿಯುತ್ತದೆ, ಮೊಣಕಾಲಿನ ಕೆಳಗಣ ಚರ್ಮದ ಮೇಲೆ ಉಗುರೆಳೆದರೆ ಬೂದಿಬಣ್ಣದ ಗೆರೆಯೊಂದು ಮೂಡಿ ನಿಲ್ಲುತ್ತದೆ, ಬರಿಗಾಲಿನಲ್ಲಿ ನಡೆಯುವವರ ಹಿಮ್ಮಡಿ ಸೀಳಿ ಒಮ್ಮೊಮ್ಮೆ ರಕ್ತವನ್ನೂ ಒಸರುತ್ತದೆ. ಇದೇ ಋತುವಿನಲ್ಲಿ ವಯಸ್ಸಾದವರಿಗೆ ಸೊಂಟ ಹಿಡಿಯುವುದು, ಮಂಡಿ ನೋಯುವುದು, ಎದ್ದು ಕುಳಿತರೆ ಆಯಾಸವೆನಿಸುವುದು ಹೊಸತೇನೂ ಅಲ್ಲ. ಈ ಎರಡು ಬಗೆಯ ದೂರುಗಳನ್ನು ಹೊತ್ತು ಔಷಧದಂಗಡಿಯ ಮುಂದೆ ನಿಂತವರಲ್ಲಿ ಅನೇಕರು ಇತ್ತೀಚಿನ ವರ್ಷಗಳಲ್ಲಿ ಒಂದೇ ಪದಾರ್ಥವನ್ನು ಕೇಳಿ ಪಡೆದು ಹಿಂದಿರುಗುತ್ತಿದ್ದಾರೆ: ಅದು ವಿಟಮಿನ್ ಡಿ. ಚರ್ಮ ಒಣಗಿದರೂ ಡಿ, ಮೂಳೆ ನೊಂದರೂ ಡಿ, ಮನಸ್ಸು ಮಂಕಾದರೂ ಡಿ ಎಂಬ ನಂಬಿಕೆಯು ವಿದ್ಯಾವಂತರ ಮನೆಗಳಲ್ಲಿಯೇ ಮೊದಲು ಬೇರೂರಿ ಈಗ ಎಲ್ಲೆಡೆಯೂ ಹಬ್ಬಿದೆ.

ಈ ನಂಬಿಕೆಯಲ್ಲಿ ಸತ್ಯದ ಅಂಶವಿಲ್ಲವೆಂದು ನಾನು ಹೇಳಹೊರಟಿಲ್ಲ. ಆದರೆ ಚರ್ಮವೆಂಬ ಈ ವಿಶಾಲವಾದ ಅಂಗವು ನಮಗಾಗಿ ನಡೆಸುವ ಎರಡು ಮಹತ್ಕಾರ್ಯಗಳನ್ನು ಒಂದರೊಳಗೊಂದು ಬೆರೆಸಿಬಿಟ್ಟರೆ ಎರಡಕ್ಕೂ ಸಲ್ಲಬೇಕಾದ ಉಪಚಾರವು ತಪ್ಪಿಹೋಗುತ್ತದೆ ಎಂಬುದೇ ಈ ಬರಹದ ತಾತ್ಪರ್ಯ. ಬಿಸಿಲಿನ ಒಂದು ಅಂಶವನ್ನು ಹೀರಿ ಅಸ್ಥಿಗಳಿಗೆ ಬೇಕಾದ ಜೀವಸತ್ವವನ್ನು ಉತ್ಪಾದಿಸುವುದು ಅದರ ಒಂದು ಕೆಲಸ; ದೇಹದೊಳಗಿನ ನೀರು ಹೊರಗಿನ ಗಾಳಿಗೆ ಆರಿಹೋಗದಂತೆ ತಡೆದು ನಿಲ್ಲಿಸುವುದು ಇನ್ನೊಂದು. ಚಳಿಗಾಲದಲ್ಲಿ ಎರಡೂ ಕುಂಠಿತವಾಗಬಹುದು, ಆದರೆ ಬೇರೆ ಬೇರೆ ಕಾರಣಗಳಿಂದ. ಆದುದರಿಂದ ಒಂದರ ಮದ್ದು ಇನ್ನೊಂದಕ್ಕೆ ಮದ್ದಾಗುವುದಿಲ್ಲ.

ಮೊದಲನೆಯ ಕಾರ್ಯದ ಅರಿವು ಮನುಷ್ಯನಿಗೆ ಬಂದದ್ದು ಮಕ್ಕಳ ಸಂಕಟದ ಮೂಲಕ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಲುಗಳು ಬಿಲ್ಲಿನಂತೆ ಬಾಗುವ, ಪಕ್ಕೆಲುಬಿನ ಸಂದುಗಳು ಗಂಟುಗಟ್ಟುವ, ನಡೆಯುವ ವಯಸ್ಸಾದರೂ ಮಗು ನಡೆಯದೆ ಕುಳಿತುಬಿಡುವ ವ್ಯಾಧಿಯೊಂದು ಕಾಣಿಸಿಕೊಂಡು, 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯನು ಅದರ ಮೇಲೆ ಒಂದು ಗ್ರಂಥವನ್ನೇ ಬರೆದನು. ರಿಕೆಟ್ಸ್ ಎಂದು ನಾವಿಂದು ಕರೆಯುವ ಈ ರೋಗವು ಕಾರ್ಖಾನೆಗಳ ಹೊಗೆ ಆಕಾಶವನ್ನು ಮುಚ್ಚಿದಂತೆಲ್ಲ ಯೂರೋಪಿನ ನಗರಗಳಲ್ಲಿ ಹೆಚ್ಚುತ್ತ ಹೋಯಿತು. ಹಳ್ಳಿಯ ಮಕ್ಕಳಿಗೆ ವಿರಳವಾಗಿರುವುದು ಪಟ್ಟಣದ ಮಕ್ಕಳಿಗೇ ಏಕೆ ಬರಬೇಕೆಂದು ಚಿಂತಿಸಿ, ಬಿಸಿಲಿನ ಕೊರತೆಯೇ ಇದಕ್ಕೆ ಕಾರಣವಾಗಿರಬೇಕೆಂದು 1822ರಲ್ಲಿ ಸ್ನಿಯಾಡೆಟ್ಸ್ಕಿ ಎಂಬ ಪೋಲಿಷ್ ವೈದ್ಯನು ಬರೆದನಾದರೂ ಅವನ ಮಾತನ್ನು ಕೇಳಿದವರು ಕಡಮೆ. ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದು ತಾಯ್ನಾಡಿಗೆ ಮರಳಿದ ಥಿಯೊಬಾಲ್ಡ್ ಪಾಮ್ ಎಂಬುವನು, ತಾನು ಅಲ್ಲಿ ಕಾಣದಿದ್ದ ರೋಗವು ಇಲ್ಲಿ ಬೀದಿಬೀದಿಯಲ್ಲಿರುವುದನ್ನು ಕಂಡು ಬೆರಗಾಗಿ, ಚೀನಾ, ಭಾರತ ಮೊದಲಾದ ದೇಶಗಳಲ್ಲಿದ್ದ ತನ್ನಂಥ ವೈದ್ಯರಿಗೆ ಕಾಗದಗಳನ್ನು ಬರೆದು ವಿಚಾರಿಸಿ, ಬಿಸಿಲುಂಡ ನಾಡುಗಳಲ್ಲಿ ಬಡತನವಿದ್ದರೂ ಈ ರೋಗವಿಲ್ಲವೆಂಬುದನ್ನು 1890ರಲ್ಲಿ ಪ್ರಕಟಿಸಿದನು. ಅವನ ಕಾಲದ ವಿದ್ವಾಂಸರಿಗೆ ಅದೂ ರುಚಿಸಲಿಲ್ಲ. ಬೆಳಕು ಮೂಳೆಯನ್ನು ಗಟ್ಟಿಮಾಡುವುದೆಂದರೆ ನಂಬುವುದು ಸುಲಭವಾಗಿರಲಿಲ್ಲ.

ನಂಬಿಕೆಯನ್ನು ಹುಟ್ಟಿಸಿದ ಪ್ರಯೋಗವು ಬರ್ಲಿನ್ ನಗರದಲ್ಲಿ, ಮೊದಲನೆಯ ಮಹಾಯುದ್ಧವು ಮುಗಿದ ಹೊಸತರಲ್ಲಿ ನಡೆಯಿತು. ಯುದ್ಧದ ಹಸಿವೂ ಉತ್ತರ ದೇಶದ ಕತ್ತಲೆಯೂ ಕೂಡಿ ಮಕ್ಕಳನ್ನು ಹಣ್ಣುಮಾಡಿದ್ದ ಆ ದಿನಗಳಲ್ಲಿ ಕರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯನು ಪಾದರಸದ ಆವಿಯ ದೀಪವೊಂದನ್ನು ಉರಿಸಿ, ಅದರ ನೇರಳಾತೀತ ಕಿರಣಗಳಿಗೆ ರಿಕೆಟ್ಸ್ ಹಿಡಿದ ಮಕ್ಕಳನ್ನು ವಾರಗಟ್ಟಲೆ ಒಡ್ಡಿದನು. ಕ್ಷ-ಕಿರಣದ ಚಿತ್ರಗಳಲ್ಲಿ, ಅದುವರೆಗೆ ಮಸುಕಾಗಿ ಕಾಣುತ್ತಿದ್ದ ಮೂಳೆಗಳ ತುದಿಗಳಲ್ಲಿ ಸುಣ್ಣವು ಮತ್ತೆ ಕೂಡಿಕೊಳ್ಳುತ್ತಿರುವುದು ಸ್ಪಷ್ಟವಾಗಿ ತೋರಿತು. ಅಷ್ಟಕ್ಕೇ ತೃಪ್ತನಾಗದೆ ಆತನು ಒಂದು ತೋಳಿಗೆ ಮಾತ್ರ ಬೆಳಕು ಬೀಳುವಂತೆ ಮಾಡಿ ನೋಡಿದನು. ಬೆಳಕು ಕಾಣದ ಇನ್ನೊಂದು ತೋಳಿನ ಮೂಳೆಯೂ ಅದರ ಜೊತೆಜೊತೆಗೇ ವಾಸಿಯಾಯಿತು. ಚರ್ಮದಲ್ಲಿ ಹುಟ್ಟಿದ ಯಾವುದೋ ದ್ರವ್ಯವು ರಕ್ತದ ಮೂಲಕ ಶರೀರದಲ್ಲೆಲ್ಲ ಸಂಚರಿಸುತ್ತಿದೆಯೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಸಾಕ್ಷ್ಯವು ಬೇಕಿರಲಿಲ್ಲ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದಿರುವ ಪ್ರಯೋಗಗಳಲ್ಲಿ ಇದೊಂದು: ಉಪಕರಣವು ಒಂದು ದೀಪ, ಪ್ರಶ್ನೆಯು ಒಂದು ಮಗುವಿನ ಎರಡು ಕೈಗಳು.

ಅದೇ 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿಯು ಮನೆಯೊಳಗೇ ಸಾಕಿದ ನಾಯಿಮರಿಗಳಿಗೆ ಓಟ್ಸ್ ಗಂಜಿಯನ್ನು ಕುಡಿಸಿ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ಗುಣಪಡಿಸಿದ್ದನು. ಆ ಎಣ್ಣೆಯಲ್ಲಿರುವ ಜೀವಸತ್ವ ಎ ಅನ್ನು ಕಾಯಿಸಿ ನಾಶಪಡಿಸಿದರೂ ಮೂಳೆ ಗುಣವಾಗುವುದು ನಿಲ್ಲಲಿಲ್ಲವೆಂಬುದನ್ನು 1922ರಲ್ಲಿ ಅಮೆರಿಕದ ಮೆಕಾಲಮ್ ತೋರಿಸಿಕೊಟ್ಟು, ಎ, ಬಿ, ಸಿಗಳ ಅನಂತರದ ಅಕ್ಷರವನ್ನು ಈ ಹೊಸ ಸತ್ವಕ್ಕೆ ಇಟ್ಟನು. ನಮ್ಮ ದೇಶದ ಮಟ್ಟಿಗೂ ಅದೇ ವರ್ಷವು ಸ್ಮರಣೀಯ. ನಾಸಿಕದಲ್ಲಿ ಹಚಿಸನ್ ಮತ್ತು ಷಾ ಎಂಬ ಇಬ್ಬರು ವೈದ್ಯರು ಮನೆಮನೆಯನ್ನು ನೋಡಿ ಬರೆದ ಪ್ರಬಂಧವೊಂದರಲ್ಲಿ, ಹಾಲು ತುಪ್ಪಗಳಿಗೆ ಕೊರತೆಯಿಲ್ಲದ ಗೋಷಾ ಕುಟುಂಬಗಳ ತಾಯಂದಿರಲ್ಲಿಯೂ ಮಕ್ಕಳಲ್ಲಿಯೂ ಈ ರೋಗವಿದ್ದು, ಹೊಟ್ಟೆಗೆ ಸಾಲದಿದ್ದರೂ ಬಯಲಿನಲ್ಲಿ ದುಡಿಯುವವರ ಮಕ್ಕಳಲ್ಲಿ ಇಲ್ಲವೆಂಬ ಸಂಗತಿಯು ದಾಖಲಾಯಿತು. ಸೂರ್ಯನು ಧಾರಾಳವಾಗಿರುವ ದೇಶದಲ್ಲಿಯೂ ಗೋಡೆ ಮತ್ತು ಬಟ್ಟೆ ಅವನನ್ನು ಇಲ್ಲವಾಗಿಸಬಲ್ಲವು ಎಂಬ ಈ ಮಾತು ನೂರು ವರ್ಷಗಳ ಬಳಿಕ ಇನ್ನೂ ಹೆಚ್ಚು ನಿಜವಾಗಿದೆ.

ಒಳಗೆ ನಡೆಯುವ ವ್ಯಾಪಾರವನ್ನು ಸಂಕ್ಷೇಪವಾಗಿ ಹೇಳಬಹುದು. ಕೊಲೆಸ್ಟರಾಲಿನ ಸಮೀಪಬಂಧುವಾದ ಒಂದು ವಸ್ತುವು ಚರ್ಮದ ಜೀವಕೋಶಗಳಲ್ಲಿರುತ್ತದೆ. ಸೂರ್ಯರಶ್ಮಿಯಲ್ಲಿ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಕಿರಣವು ತಾಕಿದೊಡನೆ ಆ ವಸ್ತುವಿನ ಒಂದು ಬಂಧವು ಮುರಿಯುತ್ತದೆ. ಬಳಿಕ ಮೈಯ ಶಾಖದಿಂದಲೇ ಅದು ಡಿ3 ಆಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಯಕೃತ್ತಿನಲ್ಲಿ ಒಂದು, ಮೂತ್ರಪಿಂಡದಲ್ಲಿ ಇನ್ನೊಂದು ಸಂಸ್ಕಾರವನ್ನು ಪಡೆದು ಕೊನೆಗೆ ಕಾರ್ಯಸಮರ್ಥವಾದ ರೂಪವನ್ನು ತಾಳುತ್ತದೆ. ಅದರ ಮುಖ್ಯ ಕರ್ತವ್ಯವು ಕರುಳಿನಲ್ಲಿರುವ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆದುಕೊಳ್ಳುವುದು. ರಾಗಿಯನ್ನು ಉಂಡು ಬೆಳೆದ ನಾಡು ನಮ್ಮದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಡಿ ಸಾಕಷ್ಟಿಲ್ಲದ ಶರೀರವು ಆಹಾರದ ಕ್ಯಾಲ್ಸಿಯಮ್ಮಿನಲ್ಲಿ ಶೇಕಡಾ 10–15ರಷ್ಟನ್ನು ಮಾತ್ರ ಹೀರಿಕೊಳ್ಳಬಲ್ಲುದು. ಇದ್ದರೆ 30–40ರವರೆಗೂ ಹೀರುವುದು. ಮುದ್ದೆ ತಿಂದು ದಿನವಿಡೀ ಹೊಲದಲ್ಲಿ ದುಡಿದ ಅಜ್ಜನ ಮೂಳೆಯೂ, ಅದೇ ಮುದ್ದೆ ತಿಂದು ದಿನವಿಡೀ ದೀಪದ ಬೆಳಕಿನ ಕಚೇರಿಯಲ್ಲಿ ಕುಳಿತ ಮೊಮ್ಮಗನ ಮೂಳೆಯೂ ಒಂದೇ ಆಗಿರಲಾರವು.

ಈಗ ಚಳಿಗಾಲದ ಪ್ರಶ್ನೆಗೆ ಬರೋಣ. ಸೂರ್ಯನು ದಕ್ಷಿಣಕ್ಕೆ ಸರಿದಂತೆ ಅವನ ಕಿರಣಗಳು ಓರೆಯಾಗಿ, ವಾಯುಮಂಡಲದಲ್ಲಿ ಹೆಚ್ಚು ದೂರವನ್ನು ಹಾದು ಬರಬೇಕಾಗುತ್ತದೆ. ಆ ದಾರಿಯಲ್ಲಿ ಓಜೋನ್ ಪದರವು ನಮಗೆ ಬೇಕಾದ ಕಿರಣವನ್ನೇ ಮೊದಲು ಹೀರಿಬಿಡುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ, ಕೆನಡಾದ ಎಡ್ಮಂಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ, ನಿರ್ಮಲವಾದ ಆಕಾಶದ ಕೆಳಗೆ ಚರ್ಮವನ್ನೊಡ್ಡಿದರೂ ಡಿ ಉತ್ಪನ್ನವಾಗುವುದಿಲ್ಲವೆಂಬುದನ್ನು 1988ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಬ್ರಿಟನ್ನಿನ ಆರೋಗ್ಯ ಇಲಾಖೆಯು ಅಕ್ಟೋಬರಿನಿಂದ ಮಾರ್ಚಿಯ ಮೊದಲವರೆಗೆ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಘಟಕ, ಡಿ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಹೇಳುವುದು ಈ ಕಾರಣದಿಂದ. ಅಲ್ಲಿ ನೆಲಸಿರುವ ನಮ್ಮವರಿಗೆ ಈ ಸಲಹೆಯು ಎರಡು ಪಟ್ಟು ಅನ್ವಯಿಸುತ್ತದೆ: ಶ್ಯಾಮಲವರ್ಣದ ಚರ್ಮದಲ್ಲಿರುವ ಮೆಲನಿನ್ ಅದೇ ಕಿರಣವನ್ನು ತಡೆಯುವುದರಿಂದ ಬಿಳಿಯರಿಗೆ ಸಾಕಾಗುವ ಬಿಸಿಲು ಇವರಿಗೆ ಸಾಲದು.

ಕರ್ನಾಟಕದ ಸ್ಥಿತಿಯು ಹಾಗಿಲ್ಲ. ಇದನ್ನು ತಿಳಿಯಲು ಯಂತ್ರವೂ ಬೇಡ, ಪ್ರಯೋಗಶಾಲೆಯೂ ಬೇಡ. ನಮ್ಮ ನೆರಳೇ ಸಾಕು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಡಿ ಹುಟ್ಟಿಸುವ ಕಿರಣವು ನೆಲವನ್ನು ಮುಟ್ಟುತ್ತಿದೆಯೆಂದೂ, ನೆರಳು ಉದ್ದವಾದಂತೆಲ್ಲ ಅದು ಕ್ಷೀಣಿಸುವುದೆಂದೂ ಸ್ಥೂಲವಾಗಿ ಹೇಳಬಹುದು. ಡಿಸೆಂಬರ್ 21ರಂದು, ವರ್ಷದಲ್ಲಿಯೇ ಸೂರ್ಯನು ಅತ್ಯಂತ ಕೆಳಗಿರುವ ದಿನ, ಬೆಂಗಳೂರಿನಲ್ಲಿ ಹನ್ನೆರಡೂಕಾಲರ ಸುಮಾರಿಗೆ ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ನಾಲ್ಕು ಅಡಿ; ಬೀದರಿನಲ್ಲಿ ಐದು ಅಡಿಗಿಂತ ಕೊಂಚ ಕಡಮೆ. ಅದೇ ನಡುಹಗಲಿನಲ್ಲಿ ಲಂಡನ್ನಿನ ಅಂಥ ಮನುಷ್ಯನ ನೆರಳು ಇಪ್ಪತ್ತು ಅಡಿಯಷ್ಟು ಉದ್ದಕ್ಕೆ ಚಾಚಿರುತ್ತದೆ. ಬೆಂಗಳೂರಿನಲ್ಲಿ ಆ ದಿನ ಹತ್ತೂವರೆಯಿಂದ ಎರಡು ಗಂಟೆಯವರೆಗೆ ನೆರಳು ಆಳಿಗಿಂತ ಚಿಕ್ಕದಾಗಿಯೇ ಇರುತ್ತದೆ. ಅಂದಮೇಲೆ ನಮ್ಮ ಮಾಗಿಯ ಸೂರ್ಯನಲ್ಲಿ ಕೊರತೆಯಿಲ್ಲ. ಅವನೆದುರಿಗೆ ನಾವು ನಿಲ್ಲದಿರುವುದೇ ಕೊರತೆ.

ಇಲ್ಲಿ ಬಹುಕಾಲದ ಒಂದು ನಂಬಿಕೆಯನ್ನು ಗೌರವದಿಂದಲೇ ತಿದ್ದಬೇಕಾಗಿದೆ. ಬೆಳಗಿನ ಎಳೆಬಿಸಿಲಿನಲ್ಲಿ ಡಿ ಜೀವಸತ್ವವಿದೆಯೆಂದು ಹೇಳಿ ಹಿರಿಯರನ್ನೂ ಬಾಣಂತಿಯರನ್ನೂ ಏಳೂವರೆಯ ಹೊತ್ತಿಗೆ ಜಗಲಿಯಲ್ಲಿ ಕೂರಿಸುವ ವಾಡಿಕೆಯುಂಟು. ಚಳಿಗಾಲದ ಆ ಹೊತ್ತಿನಲ್ಲಿ ನಮ್ಮ ನೆರಳು ಇಪ್ಪತ್ತೈದು ಅಡಿಗೂ ಮಿಕ್ಕಿ ಉದ್ದವಾಗಿರುತ್ತದೆ. ಆ ಬಿಸಿಲು ಮೈಯನ್ನು ಬೆಚ್ಚಗಾಗಿಸುವುದು, ಮನಸ್ಸನ್ನು ಅರಳಿಸುವುದು, ಹಿಡಿದ ಸಂದುಗಳನ್ನು ಸಡಿಲಿಸುವುದು ಎಲ್ಲವೂ ದಿಟ, ಆದರೆ ಡಿ ಎಂಬುದು ಅದರಿಂದ ಹೆಚ್ಚುಕಡಮೆ ದೊರೆಯುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಕುಳಿತವರಿಗಂತೂ ನಡುಹಗಲಿನಲ್ಲಿಯೂ ದೊರೆಯುವುದಿಲ್ಲ, ಏಕೆಂದರೆ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಹನ್ನೊಂದರಿಂದ ಎರಡರ ನಡುವೆ ಮುಖ, ತೋಳು, ಮೊಣಕಾಲಿನ ಕೆಳಭಾಗ ಇಷ್ಟನ್ನು ತೆರೆದು, ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ, ವಾರದಲ್ಲಿ ಕೆಲವು ದಿನ ಹೊರಗೆ ಓಡಾಡುವುದು ಆರೋಗ್ಯವಂತನಾದ ವಯಸ್ಕನಿಗೆ ನಮ್ಮ ಚಳಿಗಾಲದಲ್ಲಿ ಯೋಗ್ಯವಾದ ಪದ್ಧತಿ. ಚರ್ಮ ಉರಿಯುವವರೆಗೆ ನಿಲ್ಲಬೇಕಾಗಿಲ್ಲ. ನಿಂತರೆ ಲಾಭವೂ ಇಲ್ಲ. ಒಂದು ಮಿತಿಯನ್ನು ಮೀರಿದ ಮೇಲೆ ಹುಟ್ಟಿದ ಹೆಚ್ಚಿನ ಅಂಶವನ್ನು ಅದೇ ಬಿಸಿಲು ನಿರುಪಯುಕ್ತವಾದ ಬೇರೆ ವಸ್ತುಗಳಾಗಿ ಒಡೆದುಹಾಕುತ್ತದೆ. ಬಿಸಿಲಿನಿಂದ ಯಾರಿಗೂ ಡಿ ಅತಿಯಾಗಿ ವಿಷವಾಗದಿರುವುದು ಈ ಅದ್ಭುತವಾದ ವ್ಯವಸ್ಥೆಯಿಂದ. ಗುಳಿಗೆಗೆ ಅಂಥ ಕಡಿವಾಣವಿಲ್ಲ.

ಆದರೂ ಗುಳಿಗೆಯು ಬೇಕಾದವರಿದ್ದಾರೆ, ಮತ್ತು ಅವರು ಅಲ್ಪಸಂಖ್ಯಾತರಲ್ಲ. ಕತ್ತಲಿರುವಾಗಲೇ ಬಸ್ಸು ಹತ್ತಿ ದೀಪ ಹಚ್ಚಿದ ಮೇಲೆ ಮನೆ ಸೇರುವ ನೌಕರರು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದಿನವಿಡೀ ಹೊಲಿಗೆಯಂತ್ರದ ಮುಂದೆ ಬಾಗಿರುವ ಹೆಣ್ಣುಮಕ್ಕಳು. ಮಾಳಿಗೆಯ ಮೇಲೆ ಮಾಳಿಗೆಯೆದ್ದು ಅಂಗಳವೇ ಇಲ್ಲದಾದ ಮನೆಗಳ ಗೃಹಿಣಿಯರು. ಹಾಸಿಗೆ ಹಿಡಿದ ವೃದ್ಧರು. ಎಪ್ಪತ್ತು ದಾಟಿದವರ ಚರ್ಮವು ಯೌವನದಲ್ಲಿ ಉತ್ಪಾದಿಸುತ್ತಿದ್ದ ಡಿಯ ಅಲ್ಪಾಂಶವನ್ನು ಮಾತ್ರ ಉತ್ಪಾದಿಸಬಲ್ಲುದು. ಎದೆಹಾಲಿನಲ್ಲಿ ಡಿ ಬಹಳ ಕಡಮೆಯಾದ್ದರಿಂದ ಮೊದಲ ವರ್ಷದ ಶಿಶುಗಳಿಗೆ ದಿನಕ್ಕೆ 400 ಘಟಕಗಳ ಹನಿಯನ್ನು ಕೊಡಬೇಕೆಂಬುದು ನಮ್ಮ ಮಕ್ಕಳ ವೈದ್ಯರ ಸಲಹೆ. ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಗೊತ್ತುಮಾಡಿದ ಪ್ರಮಾಣವು ದಿನಕ್ಕೆ 600 ಘಟಕ. ಆಹಾರದಿಂದ ಇದನ್ನು ತುಂಬಿಕೊಳ್ಳುವುದು ಸಸ್ಯಾಹಾರಿಗಳಿಗೆ ಸುಲಭವಲ್ಲ. ಕರಾವಳಿಯವರ ಬೂತಾಯಿ, ಬಂಗುಡೆಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಅದು ಉಂಟು. ಉಳಿದವರಿಗೆ, ಡಿ ಬೆರೆಸಿದ ಹಾಲೊಂದು ಆಧಾರ, ಪೊಟ್ಟಣದ ಮೇಲೆ ಆ ಗುರುತು ಇದ್ದರೆ.

ನಮ್ಮ ಅಂಗಡಿಗಳಲ್ಲಿ ಅತಿ ಸಾಮಾನ್ಯವಾಗಿ ದೊರೆಯುವುದು 60,000 ಘಟಕಗಳ ಪುಡಿಯ ಪೊಟ್ಟಣ ಅಥವಾ ಮೃದುಗುಳಿಗೆ. ಈ ಅಂಕೆಯನ್ನು ಕೊಂಚ ನಿಂತು ನೋಡಬೇಕು. ದಿನಕ್ಕೆ 600ರ ಲೆಕ್ಕದಲ್ಲಿ ಆ ಚಿಕ್ಕ ಪೊಟ್ಟಣವು ನೂರು ದಿನಗಳ ಅಗತ್ಯ. ಕೊರತೆಯು ಖಚಿತವಾದವರಿಗೆ ವಾರಕ್ಕೊಂದರಂತೆ ಎಂಟು ವಾರ ಕೊಟ್ಟು, ಬಳಿಕ ಚಿಕ್ಕ ಪ್ರಮಾಣಕ್ಕೆ ಇಳಿಸುವುದು ವೈದ್ಯರ ಕ್ರಮ. ಅಪಾಯವು ಎಲ್ಲಿ ಹುಟ್ಟುತ್ತದೆಂಬುದನ್ನು ನಮ್ಮ ನೆರೆಯ ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯಲ್ಲಿ ನಾನು ಹತ್ತಿರದಿಂದ ಕಂಡೆ. ಊಟ ಸೇರದು, ಎಷ್ಟು ನೀರು ಕುಡಿದರೂ ಬಾಯಿ ಆರುವುದು, ಮಲಬದ್ಧತೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು ಎಂದು ಅವರು ಸೊರಗಿದ್ದರು. ಮೇಜಿನ ಮೇಲೆ ಹಾಲಿನ ಲೋಟದ ಪಕ್ಕದಲ್ಲಿ ಹರಿದ ಪೊಟ್ಟಣಗಳು ಬಿದ್ದಿದ್ದುವು. “ಮೇಷ್ಟ್ರೇ, ಇದನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ?” ಎಂದೆ. “ದಿನಾ ಬೆಳಿಗ್ಗೆ ಹಾಲಿನಲ್ಲಿ ಒಂದು. ಮಂಡಿನೋವು ಸ್ವಲ್ಪ ಇಳಿಯಿತು ಅನ್ನಿಸಿತು, ಅದಕ್ಕೇ ಚೀಟಿ ತೋರಿಸಿ ಮತ್ತೆ ಎರಡು ಸಲ ತರಿಸಿದೆನಪ್ಪಾ” ಎಂದರು. ಚೀಟಿಯಲ್ಲಿ ‘ವಾರಕ್ಕೆ’ ಎಂದಿದ್ದುದು ಅವಸರದ ಬರಹದಲ್ಲಿ ಅವರಿಗೆ ಕಾಣಿಸಿರಲಿಲ್ಲ. ಅಂಗಡಿಯಲ್ಲಿಯೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟುಬೀಳತೊಡಗಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ, ಪುಣ್ಯವಶಾತ್, ಚೇತರಿಸಿಕೊಂಡರು. ಡಿ ಎಂಬುದು ಕೊಬ್ಬಿನಲ್ಲಿ ಕರಗಿ ಮೈಯಲ್ಲಿಯೇ ಉಳಿಯುವ ವಸ್ತು. ನಿಲ್ಲಿಸಿದೊಡನೆ ಹೊರಟುಹೋಗುವುದಿಲ್ಲ, ಅದರ ಪ್ರಭಾವವು ವಾರಗಳ, ಒಮ್ಮೊಮ್ಮೆ ತಿಂಗಳುಗಳ ಕಾಲ ಕಾಡುತ್ತದೆ.

ಒಮ್ಮೆಗೇ ಭಾರಿ ಪ್ರಮಾಣವನ್ನು ಕೊಟ್ಟು ವರ್ಷದ ಚಿಂತೆಯನ್ನು ಕಳೆಯೋಣವೆಂಬ ಯೋಚನೆಯೂ ಫಲಿಸಿಲ್ಲ. ಆಸ್ಟ್ರೇಲಿಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೃದ್ಧ ಮಹಿಳೆಯರನ್ನು ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5,00,000 ಘಟಕಗಳನ್ನು ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧವನ್ನು ಪಡೆದವರೇ ಹೆಚ್ಚು ಸಲ ಬಿದ್ದು ಹೆಚ್ಚು ಸಲ ಮೂಳೆ ಮುರಿದುಕೊಂಡರು. ಕೊರತೆಯಿಲ್ಲದವರು ಆರೋಗ್ಯವು ಇನ್ನೂ ಹೆಚ್ಚಲೆಂದು ಸೇವಿಸಿದರೇನು ಫಲವೆಂಬುದಕ್ಕೆ ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ಮಹಾಪರೀಕ್ಷೆಯು ಉತ್ತರ ಕೊಟ್ಟಿತು: ದಿನಕ್ಕೆ 2,000 ಘಟಕಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಕ್ಯಾನ್ಸರಾಗಲಿ ಹೃದಯಾಘಾತವಾಗಲಿ ಮೂಳೆಮುರಿತವಾಗಲಿ ಉಳಿದವರಿಗಿಂತ ಕಡಮೆಯಾಗಲಿಲ್ಲ. ಆರೋಗ್ಯವಂತರು ಸುಮ್ಮಸುಮ್ಮನೆ ರಕ್ತದಲ್ಲಿ ಡಿಯ ಮಟ್ಟವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕಾಗಿಲ್ಲವೆಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿಯು 2024ರಲ್ಲಿ ತಿಳಿಸಿದೆ. ಕಾಣೆಯಾದುದನ್ನು ತುಂಬುವುದರಲ್ಲಿಯೇ ಈ ಔಷಧದ ಗುಣವಿದೆ. ತುಂಬಿದ ಮೇಲೆ ಸುರಿಯುವುದರಲ್ಲಿಲ್ಲ.

ಇನ್ನು ಚರ್ಮದ ಎರಡನೆಯ ಕಾರ್ಯ. ಅದರ ಅತ್ಯಂತ ಹೊರಗಿನ ಪದರವು ಕಾಗದಕ್ಕಿಂತ ತೆಳುವಾದುದಾದರೂ ಇಟ್ಟಿಗೆಯ ಗೋಡೆಯಂತೆ ಕಟ್ಟಲ್ಪಟ್ಟಿದೆ: ಚಪ್ಪಟೆಯಾದ ನಿರ್ಜೀವ ಕೋಶಗಳು ಇಟ್ಟಿಗೆಗಳಾದರೆ, ನಡುನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್, ಮೇದಸ್ಸಿನ ಆಮ್ಲಗಳ ಮಿಶ್ರಣವೇ ಗಾರೆ. ಚಳಿಯಲ್ಲಿ ಗಾಳಿಯ ತೇವವು ಇಳಿದಾಗ ಈ ಪದರದ ನೀರು ಬೇಗ ಆರುತ್ತದೆ. ಕೋಶಗಳು ಬಿರುಸಾಗಿ ಅಂಚುಗಳನ್ನು ಮೇಲೆತ್ತುತ್ತವೆ. ಬಿಳಿಯ ಹೊಟ್ಟು, ತುರಿಕೆ, ಬಿರುಕು ಒಂದರ ಹಿಂದೊಂದು ಬರುತ್ತವೆ. ಕಲಬುರಗಿ, ವಿಜಯಪುರ, ಬೀದರ ಸೀಮೆಯವರು ಡಿಸೆಂಬರ್ ಜನವರಿಗಳಲ್ಲಿ ಪಡುವ ಬಾಧೆಯನ್ನು ಮಂಗಳೂರು ಉಡುಪಿಗಳ ಜನರು ಅಷ್ಟಾಗಿ ಅರಿಯರು, ಕಡಲ ಗಾಳಿಯು ಅವರ ಮೈಯನ್ನು ಕಾಯುವುದರಿಂದ. ಗಾಳಿಯು ಮಾಡಿದ ಈ ಹಾನಿಯನ್ನು ನಾವು ಬಚ್ಚಲಿನಲ್ಲಿ ಇಮ್ಮಡಿಗೊಳಿಸುತ್ತೇವೆ. ಚಳಿಗೆ ಹಿತವೆಂದು ಹಂಡೆಯ ಕುದಿನೀರನ್ನು ಹದಮಾಡದೆ ಬಹಳ ಹೊತ್ತು ಸುರಿದುಕೊಳ್ಳುವುದು ಆ ಗಾರೆಯನ್ನು ಕರಗಿಸುತ್ತದೆ. ಚರ್ಮವು ಸ್ವಭಾವತಃ ತುಸು ಆಮ್ಲವಾಗಿರುವಾಗ, ಕ್ಷಾರಪ್ರಧಾನವಾದ ಸಾಬೂನನ್ನು ತಲೆಯಿಂದ ಕಾಲಿನವರೆಗೆ ದಿನಕ್ಕೆರಡು ಬಾರಿ ಉಜ್ಜುವುದು ಉಳಿದುದನ್ನೂ ತೊಳೆಯುತ್ತದೆ. ಕಂಕುಳು, ತೊಡೆಸಂದು, ಪಾದ ಇವುಗಳಿಗೆ ಸಾಬೂನು ಸಾಕು. ತೋಳಿಗೂ ಕಾಲಿಗೂ ಉಗುರುಬೆಚ್ಚನೆಯ ನೀರೇ ಸಾಕು.

ಅಭ್ಯಂಜನವನ್ನು ನಮ್ಮ ಪೂರ್ವಿಕರು ಹೇಮಂತ ಶಿಶಿರಗಳಿಗೆ ವಿಶೇಷವಾಗಿ ವಿಧಿಸಿದ್ದು ವಿವೇಕದ ಮಾತು. ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮೈಗೆ ತಿಕ್ಕಿಕೊಂಡು ಸ್ನಾನಕ್ಕಿಳಿದಾಗ ಬಿಸಿನೀರು ಚರ್ಮದ ಸ್ವಂತ ಜಿಡ್ಡನ್ನು ಒಯ್ಯುವ ಮೊದಲು ಹೊರಗಿನ ಎಣ್ಣೆಯನ್ನು ಒಯ್ಯಬೇಕಾಗುತ್ತದೆ. ಆದರೆ ಬಳಿಕ ಸೀಗೆಪುಡಿಯಿಂದಲೋ ಸಾಬೂನಿನಿಂದಲೋ ಅದೆಲ್ಲವನ್ನೂ ತೊಡೆದುಹಾಕಿ ಒಣಮೈಯಲ್ಲಿ ಹೊರಬಂದರೆ ಅರ್ಧ ಪ್ರಯೋಜನವು ಹೋಯಿತು. ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಗಳಿಗೆಯು ಸ್ನಾನವು ಮುಗಿದ ಮರುಕ್ಷಣದ್ದು: ಟವಲಿನಿಂದ ಒತ್ತಿ ನೀರನ್ನು ತೆಗೆದು, ಮೈಯಲ್ಲಿ ಪಸೆಯಿರುವಾಗಲೇ ನಾಲ್ಕು ಹನಿ ಎಣ್ಣೆಯನ್ನು ಕೈಗೆ ಹಾಕಿ ಸವರಿಕೊಂಡರೆ ಆ ನೀರು ಒಳಗೇ ಉಳಿಯುತ್ತದೆ, ಒಣಗಿದ ಮೇಲೆ ಹಚ್ಚಿದ ಎಣ್ಣೆಯು ಒಣಗಿದ ಚರ್ಮಕ್ಕೆ ಹೊಳಪನ್ನು ಮಾತ್ರ ಕೊಡುತ್ತದೆ. ಕೊಬ್ಬರಿ ಎಣ್ಣೆಯು ಖನಿಜತೈಲದಷ್ಟೇ ಸಮರ್ಥವೂ ನಿರಪಾಯವೂ ಆದುದೆಂದು ಫಿಲಿಪ್ಪೀನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ. 1872ರಲ್ಲಿ ಅಮೆರಿಕದ ಚೀಸ್‌ಬ್ರೊ ಎಂಬುವನು ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯು, ಅದರ ಅಂಟನ್ನು ಸಹಿಸುವುದಾದರೆ, ನೀರನ್ನು ತಡೆಹಿಡಿಯುವುದರಲ್ಲಿ ಇಂದಿಗೂ ಅಗ್ರಗಣ್ಯ. ಬೆಲೆಬಾಳುವ ಡಬ್ಬಿಗಳಿಗೆ ಹಣ ಸಾಲದವರು ಇದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಎಣ್ಣೆ ಬಿದ್ದ ಬಚ್ಚಲಿನ ನೆಲದಲ್ಲಿ ಹಿರಿಯರು ಜಾರಿ ಬೀಳದಂತೆ ನೋಡಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಲಾಗದು. ಡಿ ಕಡಮೆಯಾದ ಮೂಳೆಗೆ ಒಂದು ಜಾರು ಸಾಕು.

ಹಿಮ್ಮಡಿಯ ಸೀಳಿಗೆ ಇಷ್ಟು ಸಾಲದು, ಏಕೆಂದರೆ ಅಲ್ಲಿನ ಚರ್ಮವು ದಪ್ಪ. ರಾತ್ರಿ ಕಾಲನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಸತ್ತ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತೆಗೆದು, ಯೂರಿಯಾ ಬೆರೆತ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪನಾಗಿ ಬಳಿದು ಕಾಲುಚೀಲ ಹಾಕಿ ಮಲಗುವುದನ್ನು ಕೆಲವು ವಾರ ಬಿಡದೆ ಮಾಡಬೇಕು. ಸಕ್ಕರೆ ಕಾಯಿಲೆಯವರು ಕಲ್ಲನ್ನೂ ಬ್ಲೇಡನ್ನೂ ತಾವಾಗಿ ಮುಟ್ಟದೆ ವೈದ್ಯರಿಗೆ ತೋರಿಸಬೇಕು. ಸ್ಪರ್ಶವು ಮಂದವಾದ ಕಾಲಿನಲ್ಲಿ ಒಂದು ಸೀಳು ಹುಣ್ಣಾಗಲು ಹೆಚ್ಚು ಕಾಲ ಬೇಡ. ಹೊಲದ ಕೆಲಸದ ಹೆಂಗಸರನ್ನು ನೋಡಿದಾಗಲೆಲ್ಲ ಚರ್ಮದ ಎರಡು ಕಾರ್ಯಗಳು ಎಷ್ಟು ಬೇರೆಯೆಂಬುದು ನನಗೆ ಮನದಟ್ಟಾಗುತ್ತದೆ: ಬಿಸಿಲನ್ನು ಉಂಡುಂಡು ಮೂಳೆ ಗಟ್ಟಿಯಾಗಿರಬಹುದಾದ ಅವರ ಹಿಮ್ಮಡಿಯು ಮಾಗಿಯಲ್ಲಿ ಒಡೆದು ಬಾಯಿಬಿಟ್ಟಿರುತ್ತದೆ, ಹಿಮ್ಮಡಿ ಹೂವಿನಂತಿರುವ ನಗರದ ಹೆಣ್ಣುಮಗಳ ರಕ್ತದಲ್ಲಿ ಡಿ ತಳಮುಟ್ಟಿರುವುದುಂಟು. ಮೊದಲನೆಯವರಿಗೆ ಬೇಕಾದುದು ಒಂದು ಜೊತೆ ಚಪ್ಪಲಿ ಮತ್ತು ಒಂದು ಡಬ್ಬಿ ಜೆಲ್ಲಿ, ಎರಡನೆಯವರಿಗೆ ನಡುಹಗಲಿನ ವಿರಾಮ.

ಎರಡೂ ಪೂರ್ಣವಾಗಿ ಪ್ರತ್ಯೇಕವೆಂದು ಹೇಳಿದರೆ ಅದೂ ಅತಿಶಯೋಕ್ತಿಯಾದೀತು. ಚಳಿಗಾಲದಲ್ಲಿ ಉಲ್ಬಣಿಸುವ ಇಸುಬಿನ ಮಕ್ಕಳಿಗೆ ಮಂಗೋಲಿಯದಲ್ಲಿ ದಿನಕ್ಕೆ 1,000 ಘಟಕ ಡಿಯನ್ನು ಒಂದು ತಿಂಗಳು ಕೊಟ್ಟು ನೋಡಿದ, 107 ಮಕ್ಕಳ ಮೇಲಣ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ರೋಗವು ಹೆಚ್ಚಾಗಿ ತಗ್ಗಿತು. ಆದರೆ ಮಂಗೋಲಿಯದ ಚಳಿಗಾಲವು ಡಿಯನ್ನು ಬಹುಮಟ್ಟಿಗೆ ಕಳೆದುಬಿಡುವಂಥದು, ಆ ಮಕ್ಕಳು ರೋಗಿಗಳು. ಗಾಳಿಗೆ ಒಣಗಿದ ಸಾಧಾರಣ ಚರ್ಮಕ್ಕೆ ಗುಳಿಗೆಯು ಎಣ್ಣೆಯ ಕೆಲಸವನ್ನು ಮಾಡುವುದೆಂದು ಇದರಿಂದ ತರ್ಕಿಸುವುದು ಸಲ್ಲದು.

ಮಗಳ ಬಾಣಂತನಕ್ಕೆಂದು ನವೆಂಬರಿನಲ್ಲಿ ಬಾಸ್ಟನ್ನಿಗೋ ಎಡ್ಮಂಟನ್ನಿಗೋ ಹೊರಟುನಿಂತ ತಾಯಂದಿರಿಗೆ ಒಂದೆರಡು ಮಾತುಗಳನ್ನು ಹೇಳಬೇಕೆನಿಸುತ್ತದೆ. ಪೆಟ್ಟಿಗೆಯಲ್ಲಿ ನೀವು ಇಟ್ಟುಕೊಂಡಿರುವ ಕೊಬ್ಬರಿ ಎಣ್ಣೆಯ ಬಾಟಲಿಯು ಅಲ್ಲಿ ಇಲ್ಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮನೆಯನ್ನು ಕಾಯಿಸುವ ಯಂತ್ರವು ಒಳಗಿನ ಗಾಳಿಯನ್ನು ನಮ್ಮ ಬಯಲುಸೀಮೆಗಿಂತ ಒಣಗಿಸಿರುತ್ತದೆ. ಮಗುವಿಗೆ ಮೃದುವಾಗಿ ಹಚ್ಚಿ, ನೀರನ್ನು ಬಹಳ ಬಿಸಿಮಾಡದೆ ಬೇಗ ಮೀಯಿಸಿರಿ. ಸಾಸುವೆ ಎಣ್ಣೆಯನ್ನು ಮಾತ್ರ ಎಳೆಯ ಚರ್ಮಕ್ಕೆ ಬಳಸಬೇಡಿರಿ. ಕಿಟಕಿಯ ಬಳಿ ಬೀಳುವ ಬಿಸಿಲಿನಲ್ಲಿ ಮಗುವನ್ನು ಮಲಗಿಸಿದರೆ ಅದಕ್ಕೆ ಬೆಳಕು ದೊರೆಯುವುದೇ ಹೊರತು ಡಿ ದೊರೆಯುವುದಿಲ್ಲ. ಆದುದರಿಂದ ಅಲ್ಲಿನ ವೈದ್ಯರು ಬರೆದುಕೊಟ್ಟ ಹನಿಯನ್ನು ಔಷಧವೇಕೆ ಎಂದು ಬಿಡದೆ ದಿನವೂ ಕೊಡಿರಿ. ಕೆಲವು ಸೀಸೆಗಳಲ್ಲಿ 400 ಘಟಕಗಳು ಒಂದು ಮಿಲಿಲೀಟರಿನಲ್ಲಿದ್ದರೆ ಇನ್ನು ಕೆಲವುಗಳಲ್ಲಿ ಅಷ್ಟೂ ಒಂದೇ ಹನಿಯಲ್ಲಿರುತ್ತವೆ. ಊರಿನಲ್ಲಿ ಮೊದಲ ಮೊಮ್ಮಗುವಿಗೆ ಕೊಟ್ಟ ಅಳತೆಯ ನೆನಪಿನಿಂದ ಕೊಡದೆ, ಕೈಯಲ್ಲಿರುವ ಸೀಸೆಯ ಮೇಲೆ ಬರೆದಿರುವುದನ್ನು ಮಗಳಿಂದಲೋ ಅಳಿಯನಿಂದಲೋ ಒಮ್ಮೆ ಓದಿಸಿಕೊಂಡು ಕೊಡಿರಿ.